ಹಾಜರಿ ಪುಸ್ತಕದೊಳಗಿನ ಸೀಮೆ

ಕೊಳ್ಳೇಗಾಲದ ಹೊರವಲಯದ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಜಗಲಿಯಲ್ಲಿ ಕೂತು ಹಾಜರಿ ಕೇಳುವುದೇ ಒಂದು ಪ್ರವಾಸ. ಮಾದೇಶ ಎಂದು ಕರೆದರೆ ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆ ಕಣ್ಮುಂದೆ ನಿಲ್ಲುತ್ತವೆ. ಸಿದ್ದರಾಜು ಎಂದರೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ, ರಂಗಸ್ವಾಮಿ ಎಂದರೆ ಬಿಳಿಗಿರಿಯ ರಂಗಪ್ಪ. ನಡುವೆ ಒಬ್ಬಳು ಆಯೇಷಾ, ಒಬ್ಬ ಅಂತೋಣಿ. "ಪೆಸೆಂಟ್ ಮಿಸ್" ಅನ್ನುವ ರಾಗ ಮಾತ್ರ ಎಲ್ಲರದೂ ಒಂದೇ.

ಮಧ್ಯಾಹ್ನದ ಗಂಟೆ ಹೊಡೆಯಿತು. ತಟ್ಟೆ ಹಿಡಿದು ಸಾಲಾಗಿ ಕೂತರು. ಅನ್ನ, ಸಾಂಬಾರು. ಯಾರ ಪಕ್ಕ ಯಾರು ಎಂಬ ಲೆಕ್ಕವಿಲ್ಲ. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆ ನೆನಪಾಯಿತು. ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ಹಾಡಿಕೊಂಡು ಬಂದದ್ದನ್ನು ಈ ಮಕ್ಕಳು ಯಾರೂ ಹೇಳಿಕೊಡದೆಯೇ ಮಾಡುತ್ತಿದ್ದಾರೆ. ನನ್ನನ್ನು ಕಂಡು ಒಬ್ಬ ಹುಡುಗ ತಟ್ಟೆ ಬಿಟ್ಟೆದ್ದು, "ಸಾ, ನೀವೂ ಉಣ್ಣಿ ಬನ್ನಿ" ಎಂದ. ಹೋಗಿ ಕೂತೆ.

ಇಷ್ಟು ಬಗೆಯ ಜನ ಇಲ್ಲಿ ಕೂಡಿದ್ದಕ್ಕೆ ಚರಿತ್ರೆಯ ಕಾರಣವೂ ಉಂಟು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರಾದರೋ ಮೈಸೂರಿನದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಬಸ್ಸಿನಲ್ಲಿ ಅರ್ಧ ಗಂಟೆ ಹಿಡಿಯದ ದೂರದಲ್ಲಿ ಎರಡು ಆಳ್ವಿಕೆ! ಗಡಿ ಅಳಿಸಿದರೂ ಮನೆಮಾತು ಉಳಿಯಿತು. ಹನೂರು ದಾಟಿ ಮಾರ್ಟಳ್ಳಿ ಕಡೆ ಹೋದರೆ ತಮಿಳು ಮನೆಮಾತಿನ ಕ್ರೈಸ್ತರ ಊರುಗಳು. ಅಲ್ಲಿನ ಮಕ್ಕಳು ತಮಿಳಿನಲ್ಲಿ ಆಟ ಶುರುಮಾಡಿ ಕನ್ನಡದಲ್ಲಿ ಜಗಳಕ್ಕಿಳಿದು, ರಾಜಿಯಾಗುವ ಹೊತ್ತಿಗೆ ಎರಡನ್ನೂ ಕಲಸಿಬಿಡುತ್ತಾರೆ. ಕೇಳುತ್ತಾ ನಿಂತವನಿಗೆ ಬಸ್ಸು ಹೋದದ್ದೂ ತಿಳಿಯಲಿಲ್ಲ.

ಹನೂರಿನಿಂದ ಲೊಕ್ಕನಹಳ್ಳಿ ಮೇಲೆ ಒಡೆಯರಪಾಳ್ಯಕ್ಕೆ ಹೋದರೆ ನೋಟವೇ ಬದಲು. ಮುಸುಕಿನ ಜೋಳದ ಹೊಲದ ಅಂಚಿನಲ್ಲಿ ಪ್ರಾರ್ಥನಾ ಪತಾಕೆಗಳ ಸಾಲು, ಕೆಂಪು ನಿಲುವಂಗಿಯ ಭಿಕ್ಷುಗಳು. 1970ರ ದಶಕದಲ್ಲಿ ಇಲ್ಲಿ ನೆಲೆ ಕಂಡ ಟಿಬೆಟನ್ನರ ಧೊಂಡೆನ್‌ಲಿಂಗ್ ವಸತಿ ಇದು. ಹಿಮದ ನಾಡು ತೊರೆದು ಬಂದವರ ಮೊಮ್ಮಕ್ಕಳು ತಮ್ಮದೇ ಶಾಲೆಯಲ್ಲಿ ಟಿಬೆಟನ್ ಲಿಪಿ ತಿದ್ದುತ್ತಾರೆ. ಆಸುಪಾಸಿನ ಪೋಡುಗಳಲ್ಲಿ, ಅಂದರೆ ಕಾಡಿನ ಹಾಡಿಗಳಲ್ಲಿ, ಬುಡಕಟ್ಟಿನ ಸೋಲಿಗರ ಮಕ್ಕಳು ಕನ್ನಡ ಅಕ್ಷರ ತಿದ್ದುತ್ತಾರೆ. ಅಂಗಡಿಯ ಮುಂದೆ ಎರಡೂ ಕಡೆಯವರು ಸೇರಿದಾಗ ನಡೆಯುವುದು ಕನ್ನಡವೇ. ಊರು ಕಳೆದುಕೊಂಡ ಒಂದು ಜನಕ್ಕೆ ಈ ಸೀಮೆ ಜಾಗ ಕೊಟ್ಟಿತಲ್ಲ ಎಂದು ನನ್ನ ಎದೆ ತುಂಬಿಬಂತು.

ಬಿಳಿಗಿರಿರಂಗನ ಬೆಟ್ಟವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಯಳಂದೂರಿನಿಂದ ಘಾಟಿ ಹತ್ತಬೇಕು. ವೈದ್ಯರಾಗಿ ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಔಷಧಿಯ ಜೊತೆಗೆ ಶಾಲೆಯೂ ಬೇಕೆಂದು ಅವರಿಗೆ ಬೇಗ ಕಂಡಿತು. ಅದಕ್ಕೂ ಮುಂಚೆ ಸೋಲಿಗರ ಎಷ್ಟೋ ಮಕ್ಕಳಿಗೆ ಶಾಲೆಯೆಂದರೆ ದೂರದ ಮಾತು. ಇಂದು ಸೋಲಿಗರಲ್ಲೇ ಪಿಎಚ್‌ಡಿ ಮಾಡಿದ ಡಾ. ಸಿ. ಮಾದೇಗೌಡರಂಥವರಿದ್ದಾರೆ. 2011ರಲ್ಲಿ ಈ ಕಾಡು ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕೂ ಸಿಕ್ಕಿತು.

ದಾರಿಯಲ್ಲಿ ಸಿಕ್ಕ ಮಕ್ಕಳ ಗುಂಪನ್ನು ಮರಗಳ ಹೆಸರು ಕೇಳಿದೆ. ನೆಲ್ಲಿ, ಮತ್ತಿ, ಹೊನ್ನೆ, ತಾರೆ ಎಂದು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಯಾವ ಹೂವಿಗೆ ಯಾವ ಜೇನು ಬರುತ್ತದೆಂದು ಏಳೆಂಟು ವರ್ಷದ ಹುಡುಗಿಯೊಬ್ಬಳು ವಿವರಿಸಿದಳು. ಅವಳ ಶಾಲೆಯ ಪರೀಕ್ಷೆಯಲ್ಲಿ ಈ ಪ್ರಶ್ನೆ ಬರುವುದಿಲ್ಲ. ಬರಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ಬೆಟ್ಟದ ದೊಡ್ಡಸಂಪಿಗೆ ಮರ ಅವರಿಗೆ ದೇವರು. "ನೋಡಿಲ್ವಾ ಸಾ? ನಾವೇ ಕರ್ಕೊಂಡ್ ಹೋಯ್ತೀವಿ, ಬನ್ನಿ" ಎಂದು ಆಗಲೇ ಹೊರಟುನಿಂತರು.