ಸಂಗಮದ ನೀರು, ಹಿತ್ತಲಿನ ಮಡಕೆ

ವೈಶಾಖದ ಬಿಸಿಲಿನಲ್ಲಿ ಧಾರವಾಡದಿಂದ ಕೂಡಲಸಂಗಮಕ್ಕೆ ಹೊರಟಾಗ ನಮ್ಮ ಚಿಂತೆಯೆಲ್ಲ ಹಿತ್ತಲಿನ ಐದು ಬಿಲ್ವದ ಸಸಿಗಳ ಹಾಗೂ ಎರೆಹುಳುಗಳ ಬಾನಿಯ ಮೇಲೆಯೇ ಇದ್ದಿತು. ಹಿಂದಿನ ವರ್ಷ ಹೊರಡುವ ಮುನ್ನ ಬಾನಿಗೆ ಕೊಡಗಟ್ಟಲೆ ನೀರು ಸುರಿದಿದ್ದೆವು. ಮರಳಿದಾಗ ಗೊಬ್ಬರವು ಕೆಸರಾಗಿ ನಾರುತ್ತಿತ್ತು, ಹುಳುಗಳೆಲ್ಲ ಸತ್ತಿದ್ದವು. ಎರೆಹುಳು ಉಸಿರಾಡುವುದು ತೇವದ ಚರ್ಮದಿಂದ. ಒಣಗಿದರೂ ಅಳಿವು, ಗಾಳಿಯಾಡದ ಕೆಸರಿನಲ್ಲಿಯೂ ಅಳಿವು.

ಈ ಸಲ ಬಾನಿಯ ತಳಕ್ಕೆ ತೂತು ಕೊರೆಸಿ, ಬೇವಿನ ನೆರಳಿನಲ್ಲಿರಿಸಿ, ಒಣಗಿದ ಎಲೆಗಳ ಮೇಲೆ ತೊಯ್ದ ಗೋಣಿತಟ್ಟನ್ನು ಇಮ್ಮಡಿಯಾಗಿ ಹೊದಿಸಿದೆವು. ಪ್ರತಿ ಸಸಿಯ ಬದಿಯಲ್ಲಿ ಹೊಸ ಮಣ್ಣಿನ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿದೆವು. ನೆಲ ಒಣಗಿದಂತೆ ಮಡಕೆ ಜಿನುಗುತ್ತದೆ; ತಣಿದಂತೆ ಜಿನುಗು ತಾನೇ ನಿಧಾನವಾಗುತ್ತದೆ. ಎಣ್ಣೆ ಕುಡಿದ ಹಳೆಯ ಮಡಕೆ ಮಾತ್ರ ಇದಕ್ಕೆ ಸಲ್ಲದು.

ಕೃಷ್ಣೆ ಮಲಪ್ರಭೆಯರು ಕೂಡುವೆಡೆಯಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ, ಬಾವಿಯಂತಹ ಗೋಡೆಯೊಳಗೆ ಮೆಟ್ಟಿಲಿಳಿದೆವು. ನಾರಾಯಣಪುರ ಜಲಾಶಯದ ಹಿನ್ನೀರನ್ನು ತಡೆಯಲೆಂದು ಕಟ್ಟಿದ ಗೋಡೆಯದು. ಅಲ್ಲಿ ನಿಂತು, ನೀರನ್ನು ಬಿಟ್ಟುಕೊಡುವ ನಮ್ಮ ಮಡಕೆಗಳನ್ನು ನೆನೆದೆವೆಂದರೆ ಶರಣಬಂಧುಗಳು ನಕ್ಕಾರು.

ಆರನೆಯ ದಿನ ಮರಳಿದಾಗ ನಾಲ್ಕು ಮಡಕೆಗಳ ತಳದಲ್ಲಿ ಇನ್ನೂ ನೀರಿದ್ದಿತು. ಐದನೆಯದು ಬಿರುಕು ಬಿಟ್ಟು ಬರಿದಾಗಿ, ಅದರ ಸಸಿ ಬಾಡಿದ್ದಿತು. ಅದಕ್ಕೆ ನೀರೆರೆದು, ಅಳುಕುತ್ತಲೇ ಗೋಣಿತಟ್ಟನ್ನೆತ್ತಿದೆವು. ಹುಳುಗಳು ಬೆಳಕಿಗೆ ಬೆದರಿ ಗೊಬ್ಬರದೊಳಗೆ ಸರಿದುಹೋದವು.