ಸೊಕ್ಕಿದ್ದರೆ ಯಾಣ

‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂಬುದು ಉತ್ತರ ಕನ್ನಡ ಜಿಲ್ಲೆಯ ಗಾದೆ. ಗೋಕರ್ಣಯಾತ್ರೆಗೆ ಹಣವಿದ್ದರೆ ಸಾಕು. ಯಾಣವನ್ನು ಕಾಣಲು ದಟ್ಟಡವಿಯನ್ನು ಕಾಲ್ನಡಿಗೆಯಲ್ಲಿ ದಾಟುವ ಎದೆಗಾರಿಕೆ ಬೇಕೆಂದು ಅದರ ಭಾವ. ಈಗ ಕುಮಟೆಯಿಂದಲೂ ಶಿರಸಿಯಿಂದಲೂ ವಾಹನಗಳು ಬಂಡೆಗಳ ಸಮೀಪದವರೆಗೆ ಹೋಗುತ್ತವೆ. ಕೊನೆಯ ಕಾಡುದಾರಿಯನ್ನು ಮಾತ್ರ ನಡೆಯಬೇಕು.

ಚಳಿಗಾಲದ ಒಂದು ಮುಂಜಾನೆ ಬೆಂಗಳೂರಿನ ಕುಟುಂಬವೊಂದು ಆ ದಾರಿ ಹಿಡಿದಾಗ ಎಲ್ಲರಿಗಿಂತ ಮುಂದಿದ್ದವರು ಎಪ್ಪತ್ತೈದು ದಾಟಿದ ಅಜ್ಜಿ. ಮದುವೆಯಾದ ಹೊಸದರಲ್ಲಿ ಪತಿ ಅವರನ್ನು ಕುಮಟೆಯ ಬಂಧುಗಳ ಮನೆಯಲ್ಲಿ ಬಿಟ್ಟು, “ಅದು ಹೆಂಗಸರು ನಡೆಯುವ ದಾರಿಯಲ್ಲ” ಎಂದು ಗೆಳೆಯರೊಡನೆ ಯಾಣಕ್ಕೆ ಹೋಗಿಬಂದಿದ್ದರು. ಮುಂದೊಮ್ಮೆ ಕರೆದೊಯ್ಯುವೆನೆಂದ ಮಾತು ಅವರೊಂದಿಗೇ ಹೋಯಿತು.

“ಬಂಡೆಗಳಲ್ಲಿ ಹೆಜ್ಜೇನಿದೆ, ಗದ್ದಲ ಮಾಡಬೇಡಿ” ಎಂದು ದಾರಿ ತೋರುತ್ತಿದ್ದ ಊರಿನ ತರುಣ ಮಕ್ಕಳನ್ನು ಎಚ್ಚರಿಸಿದ. ಮರಗಳ ಮರೆ ಸರಿಯಿತು. ಮಕ್ಕಳು ತಾವಾಗಿಯೇ ಮೌನವಾದರು. ಹಸುರಿನ ನಡುವಿನಿಂದ ಕರಿಯ ಜ್ವಾಲೆಗಳಂತೆ ಮೇಲೆದ್ದಿದ್ದವು ಎರಡು ಮಹಾಶಿಲೆಗಳು: ಸುಮಾರು 120 ಮೀಟರು ಎತ್ತರದ ಭೈರವೇಶ್ವರ ಶಿಖರ, 90 ಮೀಟರು ಎತ್ತರದ ಮೋಹಿನಿ ಶಿಖರ.

ಯಾರ ತಲೆಯ ಮೇಲೆ ಕೈಯಿಟ್ಟರೂ ಅವರನ್ನು ಬೂದಿಯಾಗಿಸುವ ವರ ಪಡೆದ ಭಸ್ಮಾಸುರ, ವರವಿತ್ತ ಶಿವನನ್ನೇ ಬೆನ್ನಟ್ಟಿದನಂತೆ. ಮೋಹಿನಿಯಾಗಿ ಬಂದ ವಿಷ್ಣು ಅವನನ್ನು ಕುಣಿಸಿ, ಅವನ ಕೈಯನ್ನು ಅವನ ತಲೆಯ ಮೇಲೆಯೇ ಇರಿಸಿದನಂತೆ. ಆ ಬೆಂಕಿಗೆ ಬಂಡೆಗಳು ಕಪ್ಪಾದವು, ಇಲ್ಲಿಯ ಕರಿಮಣ್ಣು ಅವನ ಬೂದಿ ಎಂಬುದು ಸ್ಥಳಪುರಾಣ. ಭೂವಿಜ್ಞಾನ ಬೆಂಕಿಯ ಬದಲು ನೀರನ್ನು ತೋರಿಸುತ್ತದೆ. ಇದು ಸುಣ್ಣಕಲ್ಲು. ಮಳೆಯ ನೀರು ಗಾಳಿ, ಮಣ್ಣುಗಳಿಂದ ಇಂಗಾಲದ ಡೈ ಆಕ್ಸೈಡನ್ನು ಹೀರಿ ತುಸು ಆಮ್ಲವಾಗುತ್ತದೆ. ಬಿರುಕುಗಳಲ್ಲಿ ಇಳಿದು ಕಲ್ಲನ್ನು ಕರಗಿಸುತ್ತದೆ. ಯುಗಯುಗಗಳ ಈ ಕೆಲಸದಿಂದಲೇ ಇಲ್ಲಿಯ ಸೀಳುಗಳೂ ಗುಹೆಗಳೂ ಮೊನಚು ತುದಿಗಳೂ ರೂಪುಗೊಂಡಿವೆ.

ಭೈರವೇಶ್ವರ ಶಿಖರದ ಅಡಿಯ ಗುಹಾಲಯದಲ್ಲಿ ಸ್ವಯಂಭೂ ಲಿಂಗವಿದೆ. ಅದರ ಮೇಲೆ ಬಂಡೆಯಿಂದ ನೀರು ಹನಿಯುತ್ತದೆ. ಭಕ್ತರಿಗೆ ಗಂಗೆಯಾದ ಈ ನೀರೇ ಶಿಲೆಗೆ ಶಿಲ್ಪಿ.

ದರ್ಶನವಾದ ಮೇಲೆ ಬಂಡೆಯ ಸೀಳಿನೊಳಗೆ ಹೊಕ್ಕು ಸುತ್ತಿಬರುವ ಪ್ರದಕ್ಷಿಣೆ. ಕಲ್ಲುಗಳು ಏರುಪೇರು, ಕೆಲವೆಡೆ ಜಾರುವಂಥವು. “ಅತ್ತೆ, ನೀವು ಇಲ್ಲೇ ಕುಳಿತಿರಿ” ಎಂದರು ಸೊಸೆ.

“ಇಷ್ಟು ವರ್ಷ ಕುಳಿತದ್ದು ಸಾಲದೇನಮ್ಮ?”

ತರುಣ ನಕ್ಕು ಕೈ ನೀಡಿದ. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ತಣ್ಣನೆಯ ಬಂಡೆಯ ಮೇಲಿರಿಸಿ, ಮೆಲ್ಲಮೆಲ್ಲನೆ ನಡೆದರು. ಎರಡು ಕಡೆ ಅವರು ನಿಂತು ಉಸಿರೆಳೆದುಕೊಂಡರು. ತಲೆಯೆತ್ತಿದರೆ ಕರಿಗೋಡೆಗಳ ನಡುವೆ ಆಕಾಶದ ಒಂದು ಎಳೆ ಮಾತ್ರ ಕಾಣುತ್ತಿತ್ತು. ಆಚೆಯ ಬೆಳಕಿಗೆ ಬಂದಾಗ ಅವರ ಹಣೆಯ ಮೇಲೆ ಬಂಡೆಯಿಂದ ಬಿದ್ದ ಹನಿಯೊಂದಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

ಹಿಂದಿರುಗುವಾಗ ಅವರು ಮೊಮ್ಮಗನಿಗೆ ಹೇಳಿದರು: “ನಿಮ್ಮ ತಾತ ಹೇಳಿದಷ್ಟು ಕಷ್ಟದ ದಾರಿಯಲ್ಲವಪ್ಪ ಇದು.”