ಮನೆಗೂ ಒಂದು ಹ್ಯಾಂಡಿಂಗ್ ಓವರ್ ನೋಟ್ಸ್

ಹಡಗಿನಲ್ಲಿ ಕೆಲಸ ಮಾಡುವವರಿಗೆ ನಮ್ಮ ಊರಿನಲ್ಲಿ ಎದುರಾಗುವ ಪ್ರಶ್ನೆ ಎರಡೇ. "ಬಂದದ್ದ್ ಯಾವಾಗ?" ಮತ್ತು "ಹೋಪ್ದ್ ಯಾವಾಗ?" ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕಿದರೂ ಇವೆರಡೇ. ಹೇಗಿದ್ದೀಯ ಅಂತ ಕೇಳುವುದು ಆಮೇಲೆ, ನೆನಪಾದರೆ ಮಾತ್ರ. ಅವರ ತಪ್ಪೇನೂ ಇಲ್ಲ ಬಿಡಿ. ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಕಾಣಿಸಿಕೊಂಡು ಮತ್ತೆ ಮಾಯವಾಗುವವನ ಹತ್ತಿರ ಬೇರೇನು ಕೇಳಬೇಕು?

ನಾನು ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ಆರು ತಿಂಗಳು ನೀರಿನ ಮೇಲೆ, ಆಮೇಲೆ ಕುಂದಾಪುರದ ಹತ್ತಿರದ ನಮ್ಮ ಮನೆ. ಹದಿನಾಲ್ಕು ವರ್ಷದಿಂದ ಹೀಗೇ. ಹಡಗಿಗೆ ಹೊಂದಿಕೊಳ್ಳುವುದು ಕಷ್ಟ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಅದು ಎರಡು ದಿನದ ಕೆಲಸ. ಮನೆಗೆ ಹೊಂದಿಕೊಳ್ಳಲು ಎರಡು ವಾರವಾದರೂ ಬೇಕು!

ಮೊದಲು ಗಲಾಟೆ ಮಾಡುವುದು ದೇಹ. ಸೆಕೆಂಡ್ ಆಫೀಸರ್‌ನ ವಾಚು ಮಧ್ಯಾಹ್ನ ಹನ್ನೆರಡರಿಂದ ನಾಲ್ಕು, ಮತ್ತೆ ಮಧ್ಯರಾತ್ರಿ ಹನ್ನೆರಡರಿಂದ ನಾಲ್ಕು. ಹಾಗಾಗಿ ಮನೆಗೆ ಬಂದ ಮೇಲೂ ರಾತ್ರಿ ಹನ್ನೊಂದೂವರೆಗೆ ಸರಿಯಾಗಿ ಎಚ್ಚರವಾಗುತ್ತದೆ. ಎದ್ದು ಕೂತರೆ ಹೊರಗೆ ಕಪ್ಪೆಗಳ ವಟವಟ, ಒಳಗೆ ಎಲ್ಲರ ಗೊರಕೆ. ನಾಲ್ಕು ಗಂಟೆಯ ತನಕ ಯಾವ ಹಡಗೂ ಎದುರು ಬರದ ಜಗಲಿಯಲ್ಲಿ ಕೂತು ಕಾವಲು ಕಾಯುತ್ತೇನೆ :-)

ಇನ್ನೊಂದು ತಮಾಷೆ ಕರೆಂಟಿನದು. ಹಡಗಿನಲ್ಲಿ ಜನರೇಟರಿನ ಸದ್ದು ಯಾವತ್ತೂ ನಿಲ್ಲುವುದಿಲ್ಲ. ನಿಂತರೆ ಏನೋ ಅನಾಹುತ ಅಂತಲೇ ಅರ್ಥ. ಆಗ 45 ಸೆಕೆಂಡಿನೊಳಗೆ ಎಮರ್ಜೆನ್ಸಿ ಜನರೇಟರ್ ತಾನೇ ಶುರುವಾಗಿ ಕರೆಂಟು ಕೊಡಬೇಕು, ಅಂತಾರಾಷ್ಟ್ರೀಯ ನಿಯಮವೇ ಇದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಗೊತ್ತಲ್ಲ? ಫ್ಯಾನ್ ನಿಂತ ಕೂಡಲೇ ನಾನು ನಿದ್ದೆಯಲ್ಲೇ ಹಾರಿ ಏಳುತ್ತೇನೆ. ಮೂರನೇ ಕ್ಲಾಸಿನ ಮಗಳು ಈಗ ಕತ್ತಲಲ್ಲೇ ಒಂದು, ಎರಡು, ಮೂರು ಅಂತ ಎಣಿಸಲು ಶುರು ಮಾಡುತ್ತಾಳೆ. ನಲವತ್ತೈದಕ್ಕೆ ಮುಟ್ಟಿದರೆ "ಅಪ್ಪಾ, ಇವತ್ತು ಬರುವುದಿಲ್ಲ, ಮಲಕೋ" ಅನ್ನುತ್ತಾಳೆ.

ದೇಹ ಹೇಗೋ ದಾರಿಗೆ ಬರುತ್ತದೆ. ಕಷ್ಟ ಇರುವುದು ಮನೆಯೊಳಗೆ ನನ್ನ ಜಾಗ ಹುಡುಕಿಕೊಳ್ಳುವುದರಲ್ಲಿ. ಹಡಗಿನಲ್ಲಿ ಯಾವ ನಕಾಶೆ ನನ್ನದು, ಯಾವ ಲೈಫ್‌ಬೋಟ್ ನನ್ನದು ಎಲ್ಲವೂ ಬರೆದಿಟ್ಟದ್ದು. ಮನೆಯಲ್ಲಿ ಎಲ್ಲ ಕೆಲಸಕ್ಕೂ ಆಗಲೇ ಜನ ಇದ್ದಾರೆ. ಸಿಲಿಂಡರ್ ಬುಕ್ ಮಾಡುವುದು, ತೋಟಕ್ಕೆ ಆಳು ಕರೆಯುವುದು, ಮಗಳ ಶಾಲೆಯ ಡೈರಿಗೆ ಸಹಿ, ಎಲ್ಲ ಹೆಂಡತಿಯದ್ದು. ನಾನು ನಡುವೆ ಕೈ ಹಾಕಿದರೆ ಎರಡು ಜನ ಸ್ಟಿಯರಿಂಗ್ ಹಿಡಿದ ಹಾಗೆ. ಮೊದಲ ವಾರ ಅಮ್ಮ ನೆಂಟರನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾಳೆ. ಒಂದು ದಿನ ಕೊಟ್ಟೆ ಕಡುಬು, ಒಂದು ದಿನ ಕೋಳಿ ಸುಕ್ಕ. ಎಂಟನೆಯ ದಿನ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಮುಂದೆ ಬಂತೆಂದರೆ ಸಮಾಧಾನ. ಓಹೋ, ಇನ್ನು ನಾನು ಮನೆಯವನು!

ಆದಾಯ ತೆರಿಗೆಯ ಲೆಕ್ಕದಲ್ಲೂ ನಾವು ನೆಂಟರೇ ಮಾರಾಯ್ರೆ. ವಿದೇಶಿ ಹಡಗಿನಲ್ಲಿ ದುಡಿಯುವವನು ಆರ್ಥಿಕ ವರ್ಷವೊಂದರಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ. ಜಾಸ್ತಿಯಾದರೆ ತೆರಿಗೆಯ ಲೆಕ್ಕ ಬೇರೆ. ಸ್ವಂತ ಮನೆಯಲ್ಲಿ ಎಷ್ಟು ರಾತ್ರಿ ಮಲಗಿದೆ ಅಂತ ಪಾಸ್‌ಪೋರ್ಟಿನ ಮುದ್ರೆ ನೋಡಿ ಎಣಿಸುವವರು ಬೇರೆ ಯಾರಿದ್ದಾರೆ ಹೇಳಿ?

ಇದೆಲ್ಲ ನಗುತ್ತಾ ಹೇಳಿಕೊಳ್ಳುವಂಥದ್ದು. ನಗಲಾಗದ ವಿಷಯ ಒಂದಿದೆ.

ಈ ಸಲ ಮೇ ಕೊನೆಗೆ ಬಂದೆ. ಬಚ್ಚಲಿಗೆ ಹೋದರೆ ಗೋಡೆಗೆ ಹೊಸ ಸ್ಟೀಲ್ ಹಿಡಿಕೆ. ಇದೆಂತಕ್ಕೆ ಅಂತ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಮಗಳು ಹೇಳಿದಳು, "ಅಜ್ಜಿ ಬಿದ್ದಿದ್ದರು ಅಲ್ವಾ, ಅದಕ್ಕೆ." ಫೆಬ್ರವರಿಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳಂತೆ. ಆರು ವಾರ ಬ್ಯಾಂಡೇಜು. ಆ ಆರು ವಾರವೂ ವಾರಕ್ಕೆರಡು ಸಲ ವಿಡಿಯೋ ಕಾಲ್ ಮಾಡಿದ್ದೇನೆ! ಅಮ್ಮನ ನಗುಮುಖ ಕಂಡಿದೆ. ಕೈ ಮಾತ್ರ ಫೋನಿನ ಚೌಕಟ್ಟಿನ ಕೆಳಗೆ.

ಅಮ್ಮನನ್ನು ಕೇಳಿದರೆ, "ಅಷ್ಟ್ ದೂರ ಇಪ್ಪವ್ನಿಗೆ ಹೇಳಿ ಎಂತ ಮಾಡುದ್?"

ಆ ಮಾತಿಗೆ ಉತ್ತರ ಹುಡುಕಿದೆ, ಸಿಗಲಿಲ್ಲ. ನಡುಸಮುದ್ರದಲ್ಲಿ ಗೊತ್ತಾಗಿದ್ದರೆ ನಾನಾದರೂ ಏನು ಮಾಡುತ್ತಿದ್ದೆ? ಹಡಗಿನವರೂ ಮನೆಗೆ ಎಲ್ಲ ಹೇಳುವುದಿಲ್ಲವಲ್ಲ. 2023ರ ನವೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಹೂತಿಗಳು ಗ್ಯಾಲಕ್ಸಿ ಲೀಡರ್ ಹಡಗನ್ನು ವಶಪಡಿಸಿಕೊಂಡ ಮೇಲೆ ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗತೊಡಗಿದವು. ಯುರೋಪಿಗೆ ಸುಮಾರು ಹತ್ತು ದಿನ ಹೆಚ್ಚು. ಮನೆಯವರು ಯಾಕೆ ತಡ ಅಂತ ಕೇಳಿದರೆ "ಟ್ರಾಫಿಕ್ಕು" ಅನ್ನುವವರು ನಮ್ಮಲ್ಲಿ ಬೇಕಷ್ಟು ಜನ.

2020ರ ಕೊರೊನಾ ಕಾಲದಲ್ಲೂ ಇದೇ. ಬಂದರುಗಳು ಬಾಗಿಲು ಹಾಕಿ, ಕಾಂಟ್ರಾಕ್ಟು ಮುಗಿದರೂ ಇಳಿಯಲಾಗದೆ ಜಗತ್ತಿನಲ್ಲಿ ಸುಮಾರು ನಾಲ್ಕು ಲಕ್ಷ ನಾವಿಕರು ಹಡಗುಗಳಲ್ಲೇ ಉಳಿದರು. ನಾನೂ ಅವರಲ್ಲೊಬ್ಬ. ಆರು ತಿಂಗಳಿಗೆ ಹೋದವನು ಹತ್ತೂವರೆ ತಿಂಗಳಿಗೆ ಬಂದೆ. ಫೋನಿನಲ್ಲಿ ಎರಡೂ ಕಡೆ "ಎಲ್ಲ ಆರಾಮು". ಮೂರು ವರ್ಷದ ಮಗಳು ಮಾತ್ರ ಹತ್ತಿರ ಬರದೆ ಬಾಗಿಲ ಮರೆಯಲ್ಲಿ ನಿಂತು, "ಅಪ್ಪ ಫೋನಲ್ಲಿ ಇದ್ದಾರೆ" ಅಂದಿದ್ದಳು.

ಈಗ ಹಡಗಿನಲ್ಲಿ ಇಂಟರ್ನೆಟ್ ಚೆನ್ನಾಗಿದೆ. ನಾವಿಕರಿಗೆ ಅದರ ಸೌಲಭ್ಯ ಇರಬೇಕು ಅಂತ 2024ರ ಡಿಸೆಂಬರಿನಿಂದ ಅಂತಾರಾಷ್ಟ್ರೀಯ ಒಪ್ಪಂದದಲ್ಲೇ ಸೇರಿದೆ. ಮಾತು ಹೆಚ್ಚಾಗಿದೆ. ಸುದ್ದಿ ಹೆಚ್ಚಾಗಿದೆಯಾ ಅಂದರೆ, ಬಚ್ಚಲಿನ ಹಿಡಿಕೆ ನೆನಪಾಗುತ್ತದೆ. ದೂರ ಇದ್ದಾಗ ಹೇಳಬಾರದು, ಹೆದರುತ್ತಾನೆ. ಹತ್ತಿರ ಇದ್ದಾಗಲೂ ಹೇಳಬಾರದು, ಇರುವುದೇ ನಾಲ್ಕು ದಿನ, ಯಾಕೆ ಬೇಜಾರು ಮಾಡುವುದು? ಹಾಗಾದರೆ ಹೇಳುವುದು ಯಾವಾಗ?

ಹಡಗಿನಲ್ಲಿ ಇದಕ್ಕೊಂದು ಪದ್ಧತಿ ಇದೆ. ಇಳಿದು ಹೋಗುವವನು ತನ್ನ ಜಾಗಕ್ಕೆ ಬಂದವನಿಗೆ ಹ್ಯಾಂಡಿಂಗ್ ಓವರ್ ನೋಟ್ಸ್ ಬರೆದು ಕೊಡಬೇಕು. ಯಾವುದು ಕೆಟ್ಟಿದೆ, ಯಾವುದು ರಿಪೇರಿಯಾಗಿದೆ, ಯಾವುದರ ಮೇಲೆ ಕಣ್ಣಿಡಬೇಕು. ಅದರಲ್ಲಿ "ಎಲ್ಲ ಆರಾಮು" ಅಂತ ಬರೆದರೆ ಕ್ಯಾಪ್ಟನ್ ಸುಮ್ಮನೆ ಬಿಡುವುದಿಲ್ಲ. ಜೂನಿನ ಒಂದು ಸಂಜೆ, ಜೋರು ಮಳೆ, ಕರೆಂಟಿಲ್ಲ. ಎಲ್ಲರೂ ಜಗಲಿಯಲ್ಲಿದ್ದೆವು. ಮಗಳ ಹಳೆಯ ನೋಟ್‌ಬುಕ್ ತೆಗೆದು ಹೆಂಡತಿಗೆ ಕೊಟ್ಟು, ಈ ಆರು ತಿಂಗಳಿನದು ಎಲ್ಲ ಹೇಳಿ, ಬರೆಯುವ ಅಂದೆ.

ಮೊದಲು ನಕ್ಕರು. ಆಮೇಲೆ ಒಂದೊಂದೇ ಬಂತು. ಬಾವಿಯ ಪಂಪು ಎರಡು ಸಲ ಸುಟ್ಟದ್ದು. ಪಕ್ಕದ ಮನೆಯ ಅಜ್ಜ ತೀರಿಕೊಂಡದ್ದು. ಮಗಳು ಗಣಿತದಲ್ಲಿ ಹಿಂದೆ ಬಿದ್ದದ್ದು. ಹೆಂಡತಿ ತನಗೆ ಬಿಪಿ ಮಾತ್ರೆ ಶುರುವಾದದ್ದನ್ನು ಬೇರೆ ಯಾರದ್ದೋ ಸುದ್ದಿ ಎಂಬಂತೆ ಹೇಳಿ, ತಲೆ ಎತ್ತದೆ ತಾನೇ ಬರೆದುಕೊಂಡಳು. ನಾನೂ ನನ್ನ ಪಟ್ಟಿ ಒಪ್ಪಿಸಿದೆ. ಜನವರಿಯ ಬಿರುಗಾಳಿ, ಇಂಜಿನ್ ನಿಂತು ಮೂರು ಗಂಟೆ ಅಲೆಗಳ ನಡುವೆ ಹೊಯ್ದಾಡಿದ್ದು, ಎಲ್ಲ.

ಕೊನೆಗೆ ಅಮ್ಮ. ತುಂಬಾ ಹೊತ್ತು ಸುಮ್ಮನಿದ್ದು, "ರಾತ್ರಿ ಮಳಿ ಜೋರಾರೆ ನಂಗ್ ಹೆದ್ರಿಕೆ ಆತ್ತ್" ಅಂದಳು.

ಅಪ್ಪ ಹೋಗಿ ಒಂಬತ್ತು ವರ್ಷ. ಒಂಬತ್ತು ಮಳೆಗಾಲ ಈ ಮಾತು ಅಮ್ಮನ ಹೊಟ್ಟೆಯೊಳಗೇ ಇತ್ತು. ಮಾರನೆಯ ದಿನ ಅವಳ ಮಂಚದ ಪಕ್ಕ ಒಂದು ಬೆಲ್ ಸ್ವಿಚ್ಚು ಹಾಕಿಸಿದೆ, ಒತ್ತಿದರೆ ನಮ್ಮ ಕೋಣೆಯಲ್ಲಿ ಸದ್ದಾಗುತ್ತದೆ. ಬ್ಯಾಟರಿಯದ್ದು, ಕರೆಂಟನ್ನು ನಂಬಿದ್ದಲ್ಲ! ಮೊಮ್ಮಗಳು ಹಠ ಮಾಡಿ ತನ್ನ ಹಾಸಿಗೆಯನ್ನು ಅಜ್ಜಿಯ ಕೋಣೆಗೇ ಎಳೆದುಕೊಂಡು ಹೋಗಿದ್ದಾಳೆ. ಬೆಲ್ಲು ಇನ್ನೂ ಒಂದು ಸಲವೂ ಬಡಿದಿಲ್ಲ.

ಇನ್ನು ಇಪ್ಪತ್ತಮೂರು ದಿನಕ್ಕೆ ಹೊರಡಬೇಕು. ಹೊರಡುವ ಮೊದಲು ನನ್ನ ಕಡೆಯಿಂದಲೂ ನೋಟ್ಸ್ ಬರೆದಿಡಬೇಕಂತೆ, ಮಗಳ ಆರ್ಡರ್. ಹಿಂದಿನ ಅಂಗಳದ ಹಂಚು ಬದಲಿಸಿದ್ದು, ಮಗ್ಗಿ ಹನ್ನೆರಡರ ತನಕ ಬಾಯಿಪಾಠ ಮಾಡಿಸಿದ್ದು ಆಗಲೇ ಬರೆದಿದ್ದೇನೆ. ಕೊನೆಯ ಸಾಲನ್ನು ಮಾತ್ರ ಅವಳೇ ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ: "ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಎರಡೂ ಕೈ ತೋರಿಸಬೇಕು."

ನಿಮ್ಮ ಮನೆಯಲ್ಲೂ ಬಂದು ಹೋಗುವವರು ಯಾರಾದರೂ ಇರಬಹುದು, ದುಬೈನಿಂದಲೋ, ಮಿಲಿಟರಿಯಿಂದಲೋ, ಬೆಂಗಳೂರಿನಿಂದಲೋ. ಮುಂದಿನ ಸಲ ಬಂದಾಗ ಒಂದು ಹಳೇ ನೋಟ್‌ಬುಕ್ ತೆಗೆದು ಕೂತು ನೋಡಿ. ಏನಂತೀರಿ?